ಸೋತ ಹಾಡಿನ ಬೆಲೆ

ಮನುಷ್ಯನ ಸಂಗ್ರಹಬುದ್ಧಿಗೆ ಮಿತಿಯೆಂಬುದಿಲ್ಲ. ಅಂಚೆಚೀಟಿಗಳನ್ನು ಕೂಡಿಡುವವರುಂಟು, ಹಳೆಯ ನಾಣ್ಯಗಳಿಗಾಗಿ ಊರೂರು ಅಲೆಯುವವರುಂಟು, ಬೆಂಕಿಪೊಟ್ಟಣದ ಚಿತ್ರಗಳನ್ನು ಪುಸ್ತಕದಲ್ಲಿ ಅಂಟಿಸಿ, ಮನೆಗೆ ಬಂದವರಿಗೆ ತೋರಿಸಿ ಸಂತೋಷಪಡುವವರೂ ಉಂಟು. ಇವೆಲ್ಲ ಮೂಕವಸ್ತುಗಳು. ಗ್ರಾಮಫೋನ್ ರೆಕಾರ್ಡು ಹಾಗಲ್ಲ. ಅದರ ಗೆರೆಗಳಲ್ಲಿ ಒಬ್ಬ ಮನುಷ್ಯನ ಉಸಿರು ಅಡಗಿ ಕುಳಿತಿದೆ. ಮುಳ್ಳು ತಾಕಿದೊಡನೆ ಆತ ಎದ್ದು ಹಾಡುತ್ತಾನೆ. ಆದುದರಿಂದ ರೆಕಾರ್ಡುಗಳನ್ನು ಕೂಡಿಡುವವನು ತನ್ನ ಬೀರುವಿನಲ್ಲಿ ಪರರ ಕಂಠವನ್ನೇ ಇಟ್ಟುಕೊಂಡಿರುತ್ತಾನೆ. ಈ ಹವ್ಯಾಸದ ಸೊಗಸೂ ಅದರ ಹೊಣೆಯೂ ಇರುವುದು ಅಲ್ಲಿಯೇ.

ಅಮೆರಿಕದ ಕಪ್ಪುಜನರ ಸೋಲ್, ಫಂಕ್, ಡಿಸ್ಕೋ ಸಂಗೀತದ ರೆಕಾರ್ಡುಗಳನ್ನು ಅರಸುವವರ ಲೋಕವನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಈ ಮೂರೂ ಒಂದೇ ಮನೆತನದ ಮಕ್ಕಳು. ಚರ್ಚಿನ ಭಕ್ತಿಗೀತೆಯ ಆವೇಶವೂ ‘ರಿದಮ್ ಅಂಡ್ ಬ್ಲೂಸ್’ ಎಂಬ ಲೌಕಿಕ ಹಾಡಿನ ಲಯವೂ ಬೆರೆತು 1950ರ ದಶಕದಲ್ಲಿ ಸೋಲ್ ರೂಪುಗೊಂಡಿತು. 1960ರ ದಶಕದ ನಡುವಿನಲ್ಲಿ ಜೇಮ್ಸ್ ಬ್ರೌನ್ ರಾಗವನ್ನು ಹಿಂದಕ್ಕೆ ಸರಿಸಿ ತಾಳವನ್ನು ಮುಂದಕ್ಕೆ ತಂದಾಗ ಫಂಕ್ ಮೂಡಿತು. 1970ರ ದಶಕದಲ್ಲಿ ನ್ಯೂಯಾರ್ಕಿನ ನೃತ್ಯಶಾಲೆಗಳು ರಾತ್ರಿಯೆಲ್ಲ ಕುಣಿಯುವವರಿಗಾಗಿ ಡಿಸ್ಕೋವನ್ನು ಬೆಳೆಸಿದವು. ಸೋಲ್ ಎಂದರೆ ಇಂಗ್ಲಿಷಿನಲ್ಲಿ ಆತ್ಮ. ಕನ್ನಡಿಗನ ಕಿವಿಗೆ ಅದು ‘ಸೋಲು’ ಎಂದೂ ಕೇಳಿಸೀತು. ತಮಾಷೆಯಾಗಿ ತೋರಿದರೂ, ಸಂಗ್ರಾಹಕರ ಮಟ್ಟಿಗೆ ಈ ಎರಡನೆಯ ಅರ್ಥವೇ ಹೆಚ್ಚು ನಿಜ.

ಏಕೆಂದರೆ ಗೆದ್ದ ಹಾಡಿಗೆ ಅವರ ಪೇಟೆಯಲ್ಲಿ ದೊಡ್ಡ ಬೆಲೆಯಿಲ್ಲ. ಮಾರ್ವಿನ್ ಗೇ 1971ರಲ್ಲಿ ಹೊರತಂದ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಯಿತು. ಆದುದರಿಂದಲೇ ಅದರ ಹಳೆಯ ಪ್ರತಿಗಳು ಇಂದಿಗೂ ದೊರೆಯುತ್ತವೆ. ಸಂಗ್ರಾಹಕನ ಎದೆ ಡವಗುಟ್ಟುವುದು ಯಾರೂ ಕೊಳ್ಳದೆ ಹೋದ ತಟ್ಟೆಯನ್ನು ಕಂಡಾಗ. ಅಮೆರಿಕದಲ್ಲಿ ಮಾರಾಟವಾಗದೆ ಉಳಿದ ಆಲ್ಬಮ್ಮುಗಳ ರಟ್ಟಿನ ಹೊದಿಕೆಯ ಮೂಲೆಯನ್ನು ಕತ್ತರಿಸಿ, ಅಥವಾ ಅದಕ್ಕೊಂದು ತೂತು ಕೊರೆದು, ಅಗ್ಗದ ಬೆಲೆಗೆ ಸಾಗಹಾಕುವ ಪದ್ಧತಿಯಿತ್ತು. ಒಂದು ಕಾಲಕ್ಕೆ ಅವಮಾನದ ಗುರುತಾಗಿದ್ದ ಆ ಮೊಂಡುಮೂಲೆಯನ್ನು ಇಂದು ಅಕ್ಕರೆಯಿಂದ ಸವರುವವರಿದ್ದಾರೆ.

ಇಂಥ ಸಂಗ್ರಾಹಕನ ಮನೆಯನ್ನು ಊಹಿಸುವುದು ಕಷ್ಟವಲ್ಲ. ನಡುಮನೆಯ ಗೋಡೆ ಕಪಾಟುಗಳ ಪಾಲಾಗಿರುತ್ತದೆ. ಒಂದರ ಮೇಲೊಂದು ಪೇರಿಸಿದರೆ ತಟ್ಟೆಗಳು ಬಾಗುವುದರಿಂದ ಎಲ್ಲವೂ ನೆಟ್ಟಗೆ ನಿಂತಿರುತ್ತವೆ. ಆತ ತಟ್ಟೆಯನ್ನು ಅಂಚಿನಲ್ಲಷ್ಟೇ ಹಿಡಿದು, ದೀಪಕ್ಕೆ ಓರೆಯಾಗಿ ತಿರುಗಿಸಿ, ಗೀರುಗಳನ್ನು ಪರೀಕ್ಷಿಸುತ್ತಾನೆ. ಗೆರೆಗಳು ಮುಗಿದಲ್ಲಿಂದ ನಡುವಿನ ಚೀಟಿಯವರೆಗೆ ಉಳಿಯುವ ಬೋಳು ಜಾಗದಲ್ಲಿ ಅಚ್ಚಿನ ಮನೆಯವರು ಕೊರೆದ ಅಂಕಿಗಳನ್ನು ಓದಿ, ಇದು ಮೂಲಪ್ರತಿಯೋ ಕಳ್ಳಪ್ರತಿಯೋ ಎಂದು ನಿರ್ಣಯಿಸುತ್ತಾನೆ. “ಇಷ್ಟನ್ನೂ ಕೇಳಿ ಮುಗಿಸುವುದು ಯಾವಾಗ?” ಎಂದು ಮನೆಯಾಕೆ ಕೇಳಿದರೆ ಅವನಲ್ಲಿ ಉತ್ತರವಿಲ್ಲ. ಪುಸ್ತಕಪ್ರಿಯರ ಮನೆಗಳಲ್ಲೂ ಈ ಪ್ರಶ್ನೆ ಅಪರೂಪವಲ್ಲವಷ್ಟೆ!

ಈ ಹುಚ್ಚು ಅತ್ಯಂತ ಪ್ರಬಲವಾದುದು ಅಮೆರಿಕದಲ್ಲಲ್ಲ; ಇಂಗ್ಲೆಂಡಿನ ಉತ್ತರ ಭಾಗದ ಕಾರ್ಖಾನೆಯ ಊರುಗಳಲ್ಲಿ. ವಾರವೆಲ್ಲ ದುಡಿದ ಅಲ್ಲಿಯ ತರುಣ ತರುಣಿಯರು ಶನಿವಾರದ ರಾತ್ರಿ ಕುಣಿಯಲು ಆರಿಸಿಕೊಂಡದ್ದು ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆ 1960ರ ದಶಕದ ನಡುವಿನಲ್ಲಿ ಹೊರತಂದ ಚುರುಕು ನಡೆಯ ಹಾಡುಗಳನ್ನು. ದಶಕ ಮುಗಿಯುವ ಹೊತ್ತಿಗೆ ಅಮೆರಿಕದವರ ರುಚಿ ಫಂಕಿನತ್ತ ಹೊರಳಿತು. ಹಳೆಯ ನಡೆಯ ಹಾಡುಗಳ ತಯಾರಿ ನಿಂತುಹೋಯಿತು. ಉತ್ತರದ ಕುಣಿತದವರಿಗೆ ಮಾತ್ರ ಹಳೆಯದೇ ಬೇಕು, ಆದರೆ ಕೇಳದಿದ್ದ ಹಾಡು ಬೇಕು. ಹಾಗಾದರೆ ದಾರಿ ಒಂದೇ: ಹಿಂದೆ ಅಚ್ಚಾಗಿ, ಸೋತು, ಉಗ್ರಾಣಗಳಲ್ಲಿ ಧೂಳು ತಿನ್ನುತ್ತಿದ್ದ ರೆಕಾರ್ಡುಗಳನ್ನು ಹುಡುಕಿ ತರುವುದು. ಲಂಡನ್ನಿನಲ್ಲಿ ರೆಕಾರ್ಡಿನ ಅಂಗಡಿ ಇಟ್ಟಿದ್ದ ಡೇವ್ ಗಾಡಿನ್, ಉತ್ತರದಿಂದ ಬರುವ ಗಿರಾಕಿಗಳ ಈ ವಿಚಿತ್ರ ಹಟವನ್ನು ಗಮನಿಸಿ ಅದಕ್ಕೆ ‘ನಾರ್ದರ್ನ್ ಸೋಲ್’ ಎಂದು ಹೆಸರಿಟ್ಟ. ವಿಗನ್ ಎಂಬ ಊರಿನ ಕ್ಯಾಸಿನೋ ಎಂಬ ನೃತ್ಯಶಾಲೆ 1973ರಿಂದ 1981ರವರೆಗೆ ಇವರ ಯಾತ್ರಾಸ್ಥಳವಾಯಿತು. ಅಲ್ಲಿ ಮಧ್ಯರಾತ್ರಿ ಕಳೆದ ಮೇಲೆ ಆರಂಭವಾದ ಕುಣಿತ ಬೆಳಗಿನವರೆಗೂ ಸಾಗುತ್ತಿತ್ತು.

ಅಲ್ಲಿ ಮೊಳಗಿದ ಹಾಡುಗಳಲ್ಲಿ ಫ್ರಾಂಕ್ ವಿಲ್ಸನ್ನನ ‘ಡು ಐ ಲವ್ ಯೂ’ ಎಂಬುದರ ಕಥೆ ಕೇಳತಕ್ಕದ್ದು. ವಿಲ್ಸನ್ ಮೋಟೌನಿನಲ್ಲಿ ಹಾಡು ಕಟ್ಟುವವನು, ಇತರರಿಂದ ಹಾಡಿಸುವ ನಿರ್ಮಾಪಕ. 1965ರಲ್ಲಿ ಆತ ತಾನೇ ಹಾಡಿದ ಈ ಗೀತೆಯ ಪ್ರಚಾರಪ್ರತಿಗಳು ಸಿದ್ಧವಾದವು. ಆದರೆ ಬಿಡುಗಡೆ ನಿಂತಿತು. ಹಾಡುಗಾರನಾಗುವುದಕ್ಕಿಂತ ನಿರ್ಮಾಪಕನಾಗಿ ಉಳಿಯುವುದೇ ಲೇಸೆಂದು ಆತ ಒಪ್ಪಿದನೆಂದು ಹೇಳುತ್ತಾರೆ. ಪ್ರತಿಗಳು ನಾಶವಾದವು, ಬೆರಳೆಣಿಕೆಯಷ್ಟು ಮಾತ್ರ ಹೇಗೋ ಉಳಿದುಕೊಂಡವು. ಅವುಗಳಲ್ಲೊಂದು ಅಟ್ಲಾಂಟಿಕ್ ಸಾಗರ ದಾಟಿ ಬಂದು, ಹತ್ತು ವರ್ಷಗಳಿಗೂ ಮಿಕ್ಕ ಮೌನದ ತರುವಾಯ ವಿಗನ್ನಿನ ನೆಲವನ್ನು ನಡುಗಿಸಿತು. 2009ರಲ್ಲಿ ಇಂಥದೊಂದು ಪ್ರತಿ 25,742 ಪೌಂಡುಗಳಿಗೆ ಹರಾಜಾಯಿತು. ಏಳು ಅಂಗುಲದ ತಟ್ಟೆ. ಮೂರು ನಿಮಿಷದೊಳಗಿನ ಹಾಡು!

ಆದರೆ ಆ ಕುಣಿತದ ರಾತ್ರಿಗಳಲ್ಲಿ ಹಾಡುತ್ತಿದ್ದವನ ಹೆಸರು ಕುಣಿಯುವವರಿಗೆ ತಿಳಿದಿರಲಿಲ್ಲ. ರೆಕಾರ್ಡು ನುಡಿಸುವವರಲ್ಲಿ ಪೈಪೋಟಿ ಹೆಚ್ಚಿ, ತನ್ನಲ್ಲಿರುವ ಹಾಡು ಇನ್ನೊಬ್ಬನಿಗೆ ಸಿಗಬಾರದೆಂದು ತಟ್ಟೆಯ ಚೀಟಿಯನ್ನು ಮುಚ್ಚಿ, ಸುಳ್ಳು ಹೆಸರು ಹೇಳುವ ರೂಢಿ ಬೆಳೆದಿತ್ತು. ವಿಲ್ಸನ್ನನ ಹಾಡು ‘ಎಡ್ಡಿ ಫಾಸ್ಟರ್’ ಎಂಬ ಬೇರೊಬ್ಬನ ಹೆಸರಿನಲ್ಲಿ ಮೆರೆಯಿತು. ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ 1973ರಿಂದ ಫಂಕ್ ತಟ್ಟೆಗಳ ತಾಳದ ಭಾಗವನ್ನೇ ಮತ್ತೆ ಮತ್ತೆ ನುಡಿಸಿ ಹಿಪ್‌ಹಾಪ್ ಸಂಗೀತಕ್ಕೆ ತಳಪಾಯ ಹಾಕಿದ ಕೂಲ್ ಹರ್ಕ್ ಕೂಡ ಚೀಟಿಗಳನ್ನು ನೀರಿನಲ್ಲಿ ನೆನೆಸಿ ಕಿತ್ತುಹಾಕುತ್ತಿದ್ದ. ವೃತ್ತಿಯ ಗುಟ್ಟೆಂದು ಇದನ್ನು ಸಮರ್ಥಿಸಬಹುದು. ಆದರೆ ಬಡ ಹಾಡುಗಾರನಿಗೆ ಆ ತಟ್ಟೆಯಲ್ಲಿ ಉಳಿದಿದ್ದ ಆಸ್ತಿಯೆಂದರೆ ಹೆಸರೊಂದೇ. ಪ್ರೀತಿಯ ಸೋಗಿನಲ್ಲಿ ಅದನ್ನೂ ಕಿತ್ತುಕೊಂಡರೆ ಪ್ರೀತಿಗೂ ಲೋಭಕ್ಕೂ ಉಳಿಯುವ ಅಂತರವೆಷ್ಟು?

ಫಂಕ್ ಸಂಗೀತದಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಜೇಮ್ಸ್ ಬ್ರೌನನ ತಂಡದಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್ ಎಂಬ ಡ್ರಮ್ ವಾದಕನಿದ್ದ. 1969ರಲ್ಲಿ ಮುದ್ರಿತವಾಗಿ 1970ರಲ್ಲಿ ಹೊರಬಂದ ‘ಫಂಕಿ ಡ್ರಮ್ಮರ್’ ಎಂಬ ಚಿಕ್ಕ ತಟ್ಟೆಯಲ್ಲಿ, ಉಳಿದ ವಾದ್ಯಗಳು ಸುಮ್ಮನಾಗಿ ಅವನೊಬ್ಬನೇ ಕೆಲವು ಕ್ಷಣ ನುಡಿಸುತ್ತಾನೆ. 1986ರವರೆಗೂ ಅದು ಯಾವ ಆಲ್ಬಮ್ಮಿನಲ್ಲೂ ಸೇರಿರಲಿಲ್ಲ. ಬೇಕಾದವರು ಆ ಹಳೆಯ ಚಿಕ್ಕ ತಟ್ಟೆಯನ್ನೇ ಹುಡುಕಬೇಕಾಗಿತ್ತು. ಮುಂದೆ ಆ ಕೆಲವು ಕ್ಷಣಗಳ ಲಯವನ್ನು ಯಂತ್ರದಿಂದ ಎತ್ತಿ ನೂರಾರು ಹೊಸ ಹಾಡುಗಳಿಗೆ ಜೋಡಿಸಿದರು. ಹಲವರು ಹಣವಂತರಾದರು. ಗೀತರಚನೆಯಲ್ಲಿ ಸ್ಟಬಲ್‌ಫೀಲ್ಡನ ಹೆಸರಿಲ್ಲದ ಕಾರಣ ಗೌರವಧನಕ್ಕೆ ಆತ ಬಾಧ್ಯನಾಗಲಿಲ್ಲ. 2017ರಲ್ಲಿ ಆತ ತೀರಿಕೊಂಡ. ಅವನ ಕೈಯ ತಾಳವನ್ನು ಕೇಳದ ದೇಶ ಇಲ್ಲವೇನೋ. ಅವನ ಹೆಸರನ್ನು ಕೇಳಿದವರು ಎಷ್ಟು ಮಂದಿ?

ಡಿಸ್ಕೋ ಕಂಡದ್ದು ಇನ್ನೊಂದು ಬಗೆಯ ಸೋಲು. ಮೊದಲು ಅದು ಗೆದ್ದು ಬೀಗಿತು. ಏಳು ಅಂಗುಲದ ತಟ್ಟೆಯಲ್ಲಿ ಉದ್ದನೆಯ ಹಾಡನ್ನು ತುರುಕಿದರೆ ಗೆರೆಗಳು ಒತ್ತಾಗಿ ಧ್ವನಿ ಬಡಕಲಾಗುತ್ತದೆ. ಹನ್ನೆರಡು ಅಂಗುಲದ ತಟ್ಟೆಯಲ್ಲಿ ಒಂದೇ ಹಾಡನ್ನು ಹರಡಿದರೆ ಗೆರೆಗಳಿಗೆ ಎಡೆ ದೊರೆತು ಮಂದ್ರನಾದ ಎದೆಗೆ ತಾಕುತ್ತದೆ. ಈ ಉಪಾಯದ ತಟ್ಟೆಗಳನ್ನು ಸಾಲ್‌ಸೋಲ್ ಸಂಸ್ಥೆ 1976ರಲ್ಲಿ ಅಂಗಡಿಗಳಿಗೆ ತಂದಿತು. ಸಂಗ್ರಾಹಕರಿಗೆ ಇಂದಿಗೂ ಅವು ಅಚ್ಚುಮೆಚ್ಚು. ಆದರೆ 1979ರ ಜುಲೈ 12ರಂದು ಶಿಕಾಗೋ ನಗರದ ಬೇಸ್‌ಬಾಲ್ ಮೈದಾನದಲ್ಲಿ, ಡಿಸ್ಕೋ ರೆಕಾರ್ಡೊಂದನ್ನು ತಂದವರಿಗೆ 98 ಸೆಂಟಿಗೆ ಪ್ರವೇಶವೆಂದು ಸಾರಿ, ರಾಶಿ ಬಿದ್ದ ತಟ್ಟೆಗಳನ್ನು ಮದ್ದಿಟ್ಟು ಸಿಡಿಸಿದರು. ಜನ ಮೈದಾನಕ್ಕೆ ನುಗ್ಗಿ, ಆ ರಾತ್ರಿಯ ಎರಡನೆಯ ಆಟವೇ ನಿಂತುಹೋಯಿತು. ಆ ದಿನ ಅಲ್ಲಿ ಕೆಲಸಕ್ಕಿದ್ದು ಮುಂದೆ ಸಂಗೀತಗಾರನಾದ ಕಪ್ಪು ತರುಣ ವಿನ್ಸ್ ಲಾರೆನ್ಸ್, ಜನ ತಂದವುಗಳಲ್ಲಿ ಡಿಸ್ಕೋ ಅಲ್ಲದ, ಕೇವಲ ಕಪ್ಪುಜನರು ಹಾಡಿದ ರೆಕಾರ್ಡುಗಳೂ ಎಷ್ಟೋ ಇದ್ದುವೆಂದು ನೆನೆದಿದ್ದಾನೆ. ಹಾಡಿನ ಮೇಲಣ ಕೋಪ ಎಲ್ಲಿ ಮುಗಿದು ಹಾಡಿದವರ ಮೇಲಣ ದ್ವೇಷ ಎಲ್ಲಿ ಮೊದಲಾಯಿತೆಂದು ಯಾರು ಹೇಳಬೇಕು?

ಸಿಡಿಸುವವರಿದ್ದ ಲೋಕದಲ್ಲಿ ಕೂಡಿಡುವವನ ಬೆಲೆ ಆಗ ತಿಳಿಯುತ್ತದೆ. ದೊಡ್ಡ ಸಂಸ್ಥೆಗಳ ಉಗ್ರಾಣವೇ ಸುರಕ್ಷಿತವೆಂದು ನಂಬುವಂತಿಲ್ಲ. 2008ರ ಜೂನ್ 1ರಂದು ಕ್ಯಾಲಿಫೋರ್ನಿಯಾದ ಯೂನಿವರ್ಸಲ್ ಸ್ಟುಡಿಯೋ ಆವರಣದಲ್ಲಿ ಬೆಂಕಿ ಬಿದ್ದು ಹಳೆಯ ಹಾಡುಗಳ ಅನೇಕ ಮೂಲಟೇಪುಗಳು ಸುಟ್ಟುಹೋದವು. ಆ ನಷ್ಟದ ಗಂಭೀರತೆ ಲೋಕಕ್ಕೆ ತಿಳಿದುದು 2019ರಲ್ಲಿ, ಪತ್ರಿಕೆಯೊಂದರ ವರದಿಯಿಂದ. ಮೂಲಟೇಪು ಬೂದಿಯಾದ ಹಾಡಿಗೆ ಯಾರೋ ಒಬ್ಬ ಗುಮಾಸ್ತನ ಮನೆಯ ಕಪಾಟಿನಲ್ಲಿರುವ ತಟ್ಟೆಯೇ ಆಧಾರವಾಗಬಹುದು. ಕನ್ನಡಿಗರಿಗೆ ಇದು ಹೊಸ ಪಾಠವಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಕೃತಿ ಉಳಿಯುವುದು ಬಚ್ಚಿಡುವುದರಿಂದಲ್ಲ, ಹಂಚುವುದರಿಂದ ಎಂಬುದನ್ನು ಆಕೆ ಬಲ್ಲವಳಾಗಿದ್ದಳು.

ನಾರ್ದರ್ನ್ ಸೋಲಿನವರಲ್ಲೂ ಈ ಅರಿವು ಕ್ರಮೇಣ ಬಂತು. 1979ರಲ್ಲಿ ವಿಲ್ಸನ್ನನ ಹಾಡು ಬ್ರಿಟನ್ನಿನಲ್ಲಿ ಅವನ ಹೆಸರಿನಲ್ಲಿಯೇ ಅಚ್ಚಾಗಿ ಎಲ್ಲರ ಕೈಗೆಟುಕಿತು. 1982ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಕೆಂಟ್ ಎಂಬ ಮುದ್ರೆ, ಮರೆತುಹೋದ ಇಂಥ ಹಾಡುಗಳನ್ನು ಹಕ್ಕುದಾರರ ಒಪ್ಪಿಗೆ ಪಡೆದು, ಹಾಡಿದವರ ವಿವರಗಳೊಡನೆ ಆಲ್ಬಮ್ಮುಗಳಾಗಿ ತಂದಿತು. ಕೂಡಿಟ್ಟವರ ಕಪಾಟುಗಳೂ ಅವರ ತಿಳಿವಳಿಕೆಯೂ ಇಲ್ಲದಿದ್ದರೆ ಇಂಥ ಕೆಲಸ ಸಾಧ್ಯವಾಗುತ್ತಿರಲಿಲ್ಲ. ಫ್ರಾಂಕ್ ವಿಲ್ಸನ್ 2012ರಲ್ಲಿ ತೀರಿಕೊಂಡ. ಆತ ಎಡ್ಡಿ ಕೆಂಡ್ರಿಕ್ಸನಿಂದ ಹಾಡಿಸಿ 1972ರಲ್ಲಿ ಹೊರತಂದ ಏಳು ನಿಮಿಷ ಮೀರಿದ ಗೀತೆಯನ್ನು ಡಿಸ್ಕೋವಿನ ಆದಿಕೃತಿಗಳಲ್ಲೊಂದೆಂದು ಎಣಿಸುವುದುಂಟು. ಆದರೆ ಅವನ ಸ್ವಂತ ಕಂಠವನ್ನು ಲೋಕಕ್ಕೆ ಉಳಿಸಿಕೊಟ್ಟವರು ಸಂಗ್ರಾಹಕರೇ.

ರೆಕಾರ್ಡಿನ ಸ್ವಭಾವದಲ್ಲಿಯೇ ಒಂದು ಸಂಕಟವಿದೆ. ನುಡಿಸಿದಷ್ಟೂ ಮುಳ್ಳು ಗೆರೆಯನ್ನು ಇಷ್ಟಿಷ್ಟಾಗಿ ಸವೆಸುತ್ತದೆ. ನುಡಿಸದೆ ಇಟ್ಟರೆ ತಟ್ಟೆ ಹೊಸದಾಗಿಯೇ ಉಳಿಯುತ್ತದೆ, ಹಾಡು ಮಾತ್ರ ಸತ್ತಂತೆಯೇ. ಲೋಭಿಯು ಎರಡನೆಯ ದಾರಿಯನ್ನು ಹಿಡಿಯುತ್ತಾನೆ. ರಸಿಕನಾದವನು ಧೂಳನ್ನು ಒರೆಸಿ, ಮುಳ್ಳನ್ನು ಮೆಲ್ಲನೆ ಇಳಿಸಿ, ಪಕ್ಕದಲ್ಲಿ ಕುಳಿತವರಿಗೆ ಮೊದಲು ಹಾಡಿದವನ ಹೆಸರನ್ನು ಹೇಳುತ್ತಾನೆ. ಆಮೇಲೆ ಹಾಡನ್ನು ಕೇಳಿಸುತ್ತಾನೆ.