ಬಿಡಾರದಿಂದ ಬಿಡಾರಕ್ಕೆ

ಮನೆಮಂದಿಯೆಲ್ಲ ಪ್ರವಾಸ ಹೊರಡುವ ಮುನ್ನಾದಿನ ಹಿರಿಯರ ಕೈಯಲ್ಲಿ ಒಂದು ಹಾಳೆ ಇದ್ದೇ ಇರುತ್ತದೆ. ಯಾವ ಊರನ್ನು ಎಷ್ಟು ಹೊತ್ತಿಗೆ ತಲುಪುವುದು, ಎಲ್ಲಿ ಉಣ್ಣುವುದು, ರಾತ್ರಿ ಎಲ್ಲಿ ತಂಗುವುದು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಪ್ರವಾಸದ ಏರ್ಪಾಡು ಮಾಡುವ ಕಂಪನಿಗಳು ಇದೇ ಹಾಳೆಯನ್ನು ‘ಐಟಿನರರಿ’ ಎಂಬ ಹೆಸರಿನಲ್ಲಿ ಅಂದವಾಗಿ ಮುದ್ರಿಸಿ ಕೊಡುತ್ತವೆ. ನಾಲಗೆ ತೊಡರಿಸುವ ಈ ಶಬ್ದ ರೋಮನ್ ಸಾಮ್ರಾಜ್ಯದ ಹೆದ್ದಾರಿಗಳಿಂದ ಬಂದುದು.

ಲ್ಯಾಟಿನ್ ಭಾಷೆಯಲ್ಲಿ ‘ಇರೆ’ ಎಂದರೆ ಹೋಗುವುದು. ‘ಇತೆರ್’ ಎಂದರೆ ಪಯಣ, ಹಾದಿ. ಅದರಿಂದ ಹುಟ್ಟಿದ ‘ಇತಿನೆರಾರಿಯುಂ’ ಎಂಬುದು ಹಾದಿಯ ವಿವರಪಟ್ಟಿ. ಸಂಸ್ಕೃತದಲ್ಲಿಯೂ ‘ಇ’ ಎಂಬ ಧಾತುವಿಗೆ ಹೋಗುವುದೆಂದೇ ಅರ್ಥ. ‘ಅಯನ’ ಎಂಬ ಶಬ್ದ ಅದರಿಂದಲೇ ಬಂದಿದೆ. ಭಾಷಾಶಾಸ್ತ್ರಜ್ಞರ ಪ್ರಕಾರ ಈ ಎರಡು ಧಾತುಗಳಿಗೂ ಮೂಲ ಒಂದೇ. ಸಂಕ್ರಾಂತಿಯಂದು ನೆನೆಯುವ ಉತ್ತರಾಯಣವೂ ಪ್ರವಾಸಿಯ ಕೈಯಲ್ಲಿರುವ ಐಟಿನರರಿಯೂ ಹೀಗೆ ದೂರದ ದಾಯಾದಿಗಳು.

ರೋಮನರಿಗೆ ಈ ಪಟ್ಟಿ ಕೇವಲ ಅನುಕೂಲದ ಮಾತಾಗಿರಲಿಲ್ಲ. ಮುಂದಿನ ಠಾಣೆ ಎಷ್ಟು ದೂರವೆಂದು ತಿಳಿಯದವನಿಗೆ ಕತ್ತಲಾಗುವ ಮೊದಲು ನೀರೂ ನೆರಳೂ ಸಿಗುವ ಭರವಸೆ ಇರಲಿಲ್ಲ. ಯುದ್ಧಶಾಸ್ತ್ರ ಬರೆದ ವೆಜೀಶಿಯಸ್, ಸೇನಾಪತಿಯಾದವನು ದಂಡೆತ್ತಿ ಹೋಗುವ ನಾಡಿನ ಹಾದಿಗಳ ಪಟ್ಟಿಯನ್ನು ಬರೆಯಿಸಿ, ಚಿತ್ರಿಸಿ ಕೂಡ ಇಟ್ಟುಕೊಳ್ಳಬೇಕೆಂದು ಬೋಧಿಸಿದ್ದಾನೆ. ರೋಮಿನ ವಾಯವ್ಯಕ್ಕಿರುವ ವಿಕಾರೆಲ್ಲೊ ಎಂಬಲ್ಲಿಯ ಬಿಸಿನೀರ ಬುಗ್ಗೆಯೊಂದರಲ್ಲಿ, ಹರಕೆಯ ಕಾಣಿಕೆಗಳ ನಡುವೆ, 19ನೆಯ ಶತಮಾನದಲ್ಲಿ ನಾಲ್ಕು ಬೆಳ್ಳಿಯ ಲೋಟಗಳು ದೊರೆತವು. ಅವುಗಳ ಆಕಾರ ಮೈಲಿಗಲ್ಲಿನಂತೆ. ಸುತ್ತಲೂ ಕೆತ್ತಿರುವುದು ಸ್ಪೇನಿನ ಕಾದಿಸ್ ನಗರದಿಂದ ರೋಮಿನವರೆಗಿನ ಠಾಣೆಗಳ ಹೆಸರುಗಳು ಮತ್ತು ಅವುಗಳ ನಡುವಣ ದೂರ; ಒಟ್ಟು ಸುಮಾರು 1,840 ರೋಮನ್ ಮೈಲಿ. ಅಷ್ಟು ದೂರ ಕ್ಷೇಮವಾಗಿ ಬಂದುದಕ್ಕೆ ಹಾದಿಯ ಪಟ್ಟಿಯೇ ದೇವರಿಗೆ ಒಪ್ಪುವ ಕಾಣಿಕೆಯೆಂದು ಯಾರಿಗೋ ತೋರಿರಬೇಕು.

ಇಂಥ ಪಟ್ಟಿಗಳಲ್ಲಿ ಮನಸ್ಸಿಗೆ ಹೆಚ್ಚು ಹತ್ತಿರವಾಗುವುದು ಕ್ರಿ. ಶ. 333ರದು. ಫ್ರಾನ್ಸಿನ ಬೋರ್ಡೋ ನಗರದಿಂದ ಜೆರೂಸಲೇಮಿಗೆ ಹೋದ ಕ್ರೈಸ್ತ ಯಾತ್ರಿಕರೊಬ್ಬರು ಅದನ್ನು ಬರೆದಿಟ್ಟರು. ಅವರ ಹೆಸರು ಉಳಿದಿಲ್ಲ. ಹಾದಿ ಮಾತ್ರ ಉಳಿದಿದೆ. ತುಲೂಸ್, ಆರ್ಲ್, ಆಲ್ಪ್ಸ್ ಪರ್ವತದ ಕಣಿವೆ, ಮಿಲಾನ್, ಇಂದಿನ ಸೋಫಿಯಾ, ಕಾನ್‌ಸ್ಟಾಂಟಿನೋಪಲ್ — ಹೀಗೆ ಸಾಗುತ್ತದೆ ಪಟ್ಟಿ. ಕುದುರೆ ಬದಲಿಸುವ ಠಾಣೆಗೆ ‘ಮುತಾತಿಯೊ’ ಎಂದೂ, ರಾತ್ರಿ ತಂಗುವ ಬಿಡಾರಕ್ಕೆ ‘ಮಾನ್ಸಿಯೊ’ ಎಂದೂ ಹೆಸರು. ಇಂಗ್ಲಿಷಿನಲ್ಲಿ ದೊಡ್ಡ ಬಂಗಲೆಯನ್ನು ಸೂಚಿಸುವ ‘ಮ್ಯಾನ್ಷನ್’ ಈ ಬಿಡಾರದ ವಂಶದ್ದೇ. ಕಾನ್‌ಸ್ಟಾಂಟಿನೋಪಲ್ ಮುಟ್ಟಿದೊಡನೆ ಯಾತ್ರಿಕರು ಲೆಕ್ಕ ಕೂಡಿಸುತ್ತಾರೆ: 2,221 ಮೈಲಿ, 230 ಕುದುರೆ ಠಾಣೆಗಳು, 112 ಬಿಡಾರಗಳು. ಎಂದರೆ ಸರಾಸರಿ 20 ಮೈಲಿಗೊಂದು ಬಿಡಾರ.

ಊರು, ದೂರ, ಊರು, ದೂರ. ಪುಟಗಟ್ಟಲೆ ಬೇರೆ ಮಾತಿಲ್ಲ. ಏಷ್ಯಾಮೈನರಿನ ಲಿಬಿಸ್ಸಾದಲ್ಲಿ, ಆಫ್ರಿಕದ ದೊರೆ ಹ್ಯಾನಿಬಾಲನ ಸಮಾಧಿ ಇಲ್ಲಿದೆ ಎಂದು ಒಂದು ಸಾಲು. ತಾರ್ಸಸಿನಲ್ಲಿ, ಸಂತ ಪಾಲನ ಊರು ಇದು ಎಂದು ಇನ್ನೊಂದು. ಆದರೆ ಪಾಲೆಸ್ತೀನದ ನೆಲವನ್ನು ಮೆಟ್ಟುತ್ತಲೇ ಪಟ್ಟಿಯ ಸ್ವರೂಪವೇ ಬದಲಾಗುತ್ತದೆ. ಬಾವಿಗಳು, ಮರಗಳು, ಚಿಲುಮೆಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಜೆರೂಸಲೇಮಿನಲ್ಲಿ ತೂತುಳ್ಳ ಕಲ್ಲೊಂದಿದೆ; ಯೆಹೂದ್ಯರು ವರ್ಷಕ್ಕೊಮ್ಮೆ ಬಂದು, ಅದಕ್ಕೆ ತೈಲವೆರೆದು, ಬಟ್ಟೆ ಹರಿದುಕೊಂಡು ರೋದಿಸಿ ಹಿಂದಿರುಗುತ್ತಾರೆ. ಮೃತಸಮುದ್ರದ ನೀರು ಕಡುಕಹಿ; ಅದರಲ್ಲಿ ಮೀನಿಲ್ಲ, ದೋಣಿಯಿಲ್ಲ; ಈಜಲು ಇಳಿದವನನ್ನು ಆ ನೀರೇ ಮಗುಚಿಹಾಕುತ್ತದೆ. ಮೈಲಿ ಎಣಿಸುತ್ತ ಬಂದವರು ಇಲ್ಲಿ ಕಣ್ಣಿಟ್ಟು ನೋಡಿದ್ದಾರೆ.

ದರ್ಶನ ಮುಗಿದು ಮರಳುವ ಹಾದಿ ಹಿಡಿದೊಡನೆ ಮತ್ತೆ ಊರು, ದೂರ. ಮೇ 30ರಂದು ಕಾನ್‌ಸ್ಟಾಂಟಿನೋಪಲ್ಲಿನ ಎದುರುದಡ ಚಾಲ್ಸಿಡನ್ನಿನಿಂದ ಹೊರಟವರು ಅದೇ ವರ್ಷ ಡಿಸೆಂಬರ್ 26ರಂದು ರಾಜಧಾನಿಗೆ ಹಿಂದಿರುಗಿದುದನ್ನು ಗುರುತು ಹಾಕಿದ್ದಾರೆ.

ಕಾಲಾನಂತರ ಈ ಶಬ್ದಕ್ಕೆ ಇನ್ನೊಂದು ಅರ್ಥವೂ ಕೂಡಿಕೊಂಡಿತು. ಕ್ಯಾಥೊಲಿಕ್ ಪಾದ್ರಿಗಳು ಪ್ರಯಾಣ ಹೊರಡುವಾಗ ಪಠಿಸುವ ಪ್ರಾರ್ಥನೆಗೂ ‘ಇತಿನೆರಾರಿಯುಂ’ ಎಂಬುದೇ ಹೆಸರಾಯಿತು. ಠಾಣೆಗಳ ಲೆಕ್ಕವೂ ಕ್ಷೇಮದ ಹಾರೈಕೆಯೂ ಒಂದೇ ಶಬ್ದದಲ್ಲಿ ಸೇರಿದವು. ಪ್ರವಾಸದ ಹಾಳೆಯನ್ನು ಮಡಿಸಿ ಚೀಲದಲ್ಲಿಡುವ ಮನೆಯ ಹಿರಿಯರು, ದೇವರ ಮುಂದೆ ಒಂದು ಗಳಿಗೆ ನಿಂತು ಕೈಮುಗಿದೇ ಹೊಸ್ತಿಲು ದಾಟುತ್ತಾರಷ್ಟೆ. ಅವರು ಅರಿಯದಿದ್ದರೂ ಆ ಶಬ್ದದ ಎರಡು ಅರ್ಥಗಳೂ ಅವರ ಜೊತೆಯಲ್ಲಿ ಹೊರಡುತ್ತವೆ.