ದಾರಿಯೊಳಗಿನ ಕಾಫಿ

ನೀವೆಲ್ಲಾ ನಗ್ತೀರಿ, ನಗ್ರಿ. ಕಾಫಿ ಡೇ ಒಳಗ ಅಷ್ಟು ರೊಕ್ಕಾ ಕೊಟ್ಟು ಕಾಫಿ ಕುಡಿಯೋರನ್ನ ಆಡಿಕೊಂಡಾಕಿನೂ ನಾನ, ಈಗ ಕುಡಿಯಾಕಿನೂ ನಾನ.

ಎರಡು ವರ್ಷಾತು, ತಿಂಗಳಿಗೊಮ್ಮೆ ನಮ್ಮ ಮನಿಯವರನ್ನ ಧಾರವಾಡದಿಂದ ಬೆಂಗಳೂರಿನ ದವಾಖಾನಿಗೆ ಕರಕೊಂಡು ಹೋಗ್ತೀನಿ. 400 ಕಿಲೋಮೀಟರ್ ಮ್ಯಾಲೆ ದಾರಿ. ಹಾವೇರಿ, ದಾವಣಗೆರಿ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ಅಂತ ಕಣ್ಣು ಮುಚ್ಚಿ ಹೇಳ್ತೀನಿ ಈಗ. ಮೊದಮೊದಲ ಥರ್ಮಾಸಿನ್ಯಾಗ ಕಾಫಿ, ಡಬ್ಬಿಯೊಳಗ ಹಚ್ಚಿದ ಅವಲಕ್ಕಿ ಒಯ್ತಿದ್ದೆ. ತ್ರಾಸು ತಿನ್ನೂದರದಲ್ಲ, ಬಾತ್‌ರೂಮಿನದು. ದಾರಿಯೊಳಗ ಹೆಣ್ಮಕ್ಕಳು ನೀರು ಯಾಕ ಕುಡಿಯಂಗಿಲ್ಲ ಅನ್ನೋದು ಗಂಡಸರಿಗೆ ಎಲ್ಲಿ ತಿಳೀಬೇಕು? ಒಂದು ಹೋಟೆಲಿನ್ಯಾಗ ಚಿಲಕಾನ ಇರಲಿಲ್ಲ. ಒಂದು ಕೈಲೆ ಬಾಗಿಲಾ ಹಿಡಕೊಂಡು, ಇನ್ನೊಂದು ಕೈಲೆ ಸೀರಿ ಹಿಡಕೊಂಡು... ಇರಲಿ ಬಿಡ್ರಿ. ಅವತ್ತ ಡ್ರೈವರ್ ಹುಡುಗ ಮುಂದ ಹೋಗಿ ಕಾಫಿ ಡೇ ಮುಂದ ಗಾಡಿ ನಿಲ್ಲಿಸಿದ.

ಚಿಕ್ಕಮಗಳೂರಿನ ಸಿದ್ಧಾರ್ಥ ಅವರು 1996ರಾಗ ಬೆಂಗಳೂರಿನ ಬ್ರಿಗೇಡ್ ರೋಡಿನ್ಯಾಗ ಮೊದಲನೇದ್ದು ತೆಗೆದದ್ದು. ಆಗ ಅಲ್ಲಿ ಕಾಫಿ ಜೋಡಿ ಇಂಟರ್ನೆಟ್ಟೂ ಇತ್ತು. 2019ರಾಗ ಅವರು ಹೋದ ಸುದ್ದಿ ಟೀವ್ಯಾಗ ಬಂದಾಗ, ನೋಡದ ಮನಷಾನ ಸಲುವಾಗಿ ನಮ್ಮ ಮನಿಯವರು ಅವತ್ತ ಸರಿಯಾಗಿ ಊಟ ಮಾಡಲಿಲ್ಲ.

ಕಾಫಿ ಭಾಳ ಛೊಲೊ ಅಂತೇನಲ್ಲ. ನಮ್ಮ ಫಿಲ್ಟರಿನ ಡಿಕಾಕ್ಷನ್ ಮುಂದ ಅದೇನು, ಅರ್ಧಾ ನೊರಿನ. ಆದರ ಹೋದ ತಿಂಗಳ ಹೆಂಗಿತ್ತೋ ಈ ತಿಂಗಳನೂ ಹಂಗ ಇರ್ತದ. ಏನು ಬರ್ತದ, ಎಷ್ಟು ಕೊಡಬೇಕು ಅಂತ ಕೂಡೂಕಿಂತ ಮೊದಲ ಗೊತ್ತಿರ್ತದ. ಮನ್ಯಾಗ ತಿಂಗಳಿಗೊಂದು ಗುಳಿಗಿ ಬದಲಾಗ್ತದ, ಪಥ್ಯ ಬದಲಾಗ್ತದ, ರಿಪೋರ್ಟಿನ್ಯಾಗಿನ ಅಂಕಿ ಬದಲಾಗ್ತಾವ. ಒಂದರೆ ಇದ್ದಂಗ ಇರಲಿ ಅನಿಸ್ತದ.

ಇನ್ನೊಂದು ಹೇಳ್ತೀನಿ, ಬ್ಯಾಸರಾ ಮಾಡಕೋಬ್ಯಾಡ್ರಿ. ಅಲ್ಲಿ ಯಾರೂ ಏನೂ ಕೇಳಂಗಿಲ್ಲ. ಬೆಂಗಳೂರಿನ್ಯಾಗ ವೈನಿ ಕೇಳ್ತಾರ, ಮೌಶಿ ಫೋನ್ ಮಾಡ್ತಾಳ, ಓಣ್ಯಾಗ ಗೇಟಿನ ಕಡೆನ ನಿಂತು ಕೇಳ್ತೀರಿ, "ಡಾಕ್ಟರು ಏನಂದ್ರು?" ಅಂತ. ಅಂತಃಕರಣದ್ಲೆ ಕೇಳ್ತೀರಿ, ನನಗ ಗೊತ್ತದ. ಆದರ ಪ್ರತಿ ಸಲ ಅದನ್ನ ಹೇಳೂದ್ರಾಗ ಇವರ ಮಾರಿ ಸಣ್ಣದಾಗ್ತದ. ಕಾಫಿ ಡೇದಾಗ ಹುಡುಗರು ಬದಲಾಗ್ತಿರ್ತಾರ, ನಮ್ಮ ಗುರ್ತು ಯಾರಿಗೂ ಇಲ್ಲ. ಅರ್ಧಾ ತಾಸು ಇವರು ಬ್ಯಾನಿ ಮನಷಾ ಅಲ್ಲ, ಕಾಫಿ ಕುಡಿಯೋ ಒಬ್ಬ ಹಿರಿಯಾ ಅಷ್ಟ. ಮೀಸಿಗೆ ನೊರಿ ಹತ್ತಿಸಿಕೊಂಡು ನನ್ನ ಕಡೆ ನೋಡ್ತಾರ, ಪ್ರತಿ ಸಲ ಅದ ಚ್ಯಾಷ್ಟಿ.

ಹೋದ ಸಲ ಕಿಡ್ನಿ ಡಾಕ್ಟರು, ನೀರು, ಚಹಾ, ಸಾರು ಎಲ್ಲಾ ಕೂಡಿ ದಿನಕ್ಕ ಒಂದು ಲೀಟರ್ ಮೀರಬಾರದು ಅಂದ್ರು. ವಾಪಸ್ ಬರೂ ಮುಂದ ಗಾಡಿ ತಾನ ಅಲ್ಲಿ ನಿಂತಿತು. ಇಬ್ಬರೂ ಇಳಿಯೋದೋ ಬ್ಯಾಡೋ ಅಂತ ಕೂತಿದ್ವಿ. ಆಮ್ಯಾಲೆ ಇವರ ಬಾಗಿಲಾ ತಗದ್ರು.

"ಒಂದ ಕಾಫಿ, ಒಂದು ಖಾಲಿ ಕಪ್ ಕೊಡವಾ" ಅಂದೆ.

ಆ ಹುಡುಗಿ ಯಾಕ ಅಂತ ಕೇಳಲಿಲ್ಲ. ಎರಡು ಕಪ್ಪು ಟ್ರೇದಾಗಿಟ್ಟು, ಎರಡಕ್ಕೂ ಒಂದೊಂದು ಚಮಚಾ ಹಾಕಿ ಕೊಟ್ಲು.