ಪುಗ್ಗಾ ಹೊಡೆಯುವ ಬಂದೂಕು

ಸೇಡಂನ ಕೊತ್ತಲ ಬಸವೇಶ್ವರ ಜಾತ್ರೆಗೆ ಹೋದರೆ ನನ್ನ ಕಾಲು ಮೊದಲು ನಿಲ್ಲುವುದು ಪುಗ್ಗಾ ಹೊಡೆಯುವ ಅಂಗಡಿಯ ಮುಂದೆ. ಹಳೆಯ ಏರ್‌ಗನ್ನಿನ ಕಟ್ಟಿಗೆಯ ಹಿಡಿ ಎಷ್ಟೋ ಭುಜ ತಾಗಿ ನುಣುಪಾಗಿರುತ್ತದೆ. ನಳಿಗೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯುತ್ತದೆ. ಟ್ರಿಗರ್ ಒತ್ತಿದೊಡನೆ ಅದು ಬಿಟ್ಟುಕೊಂಡು, ಒತ್ತಿದ ಗಾಳಿ ಸೀಸದ ಗುಂಡನ್ನು ಹಾರಿಸುತ್ತದೆ. ಮದ್ದಿಲ್ಲ, ಹೊಗೆಯಿಲ್ಲ.

ಈಗಿನ ಸ್ಪರ್ಧೆಯ ಬಂದೂಕಿನಲ್ಲಿ ಗಾಳಿಯನ್ನು ಮೊದಲೇ ಸಿಲಿಂಡರಿಗೆ ತುಂಬಿರುತ್ತಾರೆ, ಭುಜಕ್ಕೆ ಒದೆಯುವುದೇ ಇಲ್ಲ. ಹಿಡಿಯ ಉದ್ದ, ಕೆನ್ನೆ ಇಡುವ ಎತ್ತರ ಎಲ್ಲಕ್ಕೂ ತಿರುಪು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್ಲಿನಲ್ಲಿ. ಗುರಿಗೆ ಅದೇ ಸರಿ; ಆದರೆ ನೋಡಲು ಆಸ್ಪತ್ರೆಯ ಸಾಮಾನಿನ ಹಾಗೆ! ನನಗೆ ಕಟ್ಟಿಗೆಯದೇ ಚೆಂದ.

ಜಾತ್ರೆಯಿಂದ ಚಿಂಚೋಳಿಗೆ ಹೊರಟಾಗ ಮೊಮ್ಮಗ, “ಅಜ್ಜಾ, ಅಂಥದೊಂದು ಬಂದೂಕು ತಗೊಂಡು ಕಾಡಿಗೆ ಹೋಗೋಣೇನು?” ಎಂದ. ಅದು ವನ್ಯಜೀವಿ ಧಾಮ, ಸಣ್ಣ ಗುಂಡಿಗೂ ಹಕ್ಕಿ ಸಾಯುತ್ತದೆ ಎಂದೆ. ದುರ್ಬೀನು ಒಯ್ದೆವು.